ಸೂಪರ್‌ಹೀರೋ ಹುಡುಗಿ, ಅವಳ ಆಡು, 24 ಪುಟ: ಮಕ್ಕಳ ಗ್ರಾಫಿಕ್ ಕಾದಂಬರಿ ಮಾಡುವುದು ಹೇಗೆ?

"ಮಗಳು ಒಂದು ಸೂಪರ್‌ಹೀರೋ ಕಥೆ ಕಟ್ಟಿದ್ದಾಳೆ, ಅದರಲ್ಲಿ ಒಂದು ನಾಯಿನೂ ಇದೆ, ಇದನ್ನ ಪುಸ್ತಕ ಮಾಡೋದು ಹೇಗೆ?" ಬೇಸಿಗೆ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಒಮ್ಮೊಮ್ಮೆ ನಾಯಿಯ ಜಾಗದಲ್ಲಿ ಬೆಕ್ಕು ಇರುತ್ತದೆ, ಒಂದು ಸಲ ಎಮ್ಮೆಯ ಕರುವೂ ಇತ್ತು. ಕೇಳುವವರು ಅಪ್ಪ ಅಮ್ಮಂದಿರು, ಪ್ರಾಥಮಿಕ ಶಾಲೆಯ ಶಿಕ್ಷಕರು, ಚೆನ್ನಾಗಿ ಚಿತ್ರ ಬರೆಯಬಲ್ಲ ಆದರೆ ಒಂದು ಪುಸ್ತಕವನ್ನೂ ಕೊನೆ ಮುಟ್ಟಿಸದ ಹುಡುಗ ಹುಡುಗಿಯರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಗ್ರಾಫಿಕ್ ಕಾದಂಬರಿ ಎಂದರೆ ಚೌಕ ಚೌಕಗಳಲ್ಲಿ ಚಿತ್ರವೂ ಮಾತೂ ಸೇರಿ ಕಥೆ ಹೇಳುವ, ಆದಿ ಅಂತ್ಯ ಎರಡೂ ಇರುವ ಒಂದು ಪೂರ್ತಿ ಪುಸ್ತಕ. ವಾರವಾರ ಮುಂದುವರಿಯುವ ಕಾಮಿಕ್ಸ್ ಧಾರಾವಾಹಿ ಬೇರೆ. ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ಕಥೆ ಇರುವ ಚಿತ್ರಪುಸ್ತಕವೂ ಬೇರೆ. ಅಲ್ಲಿ ಚಿತ್ರ ತೆಗೆದರೂ ಕಥೆ ಉಳಿಯುತ್ತದೆ. ಗ್ರಾಫಿಕ್ ಕಾದಂಬರಿಯಲ್ಲಿ ಚಿತ್ರ ತೆಗೆದರೆ ಕಥೆ ಅರ್ಥವೇ ಆಗಬಾರದು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಕೆಳಗಿನ ಎಲ್ಲ ಹಂತಗಳಲ್ಲೂ ಇದು ಬೇಕಾಗುತ್ತದೆ.

ಉದಾಹರಣೆಗೆಂದು ಒಂದು ಕಥೆ ಇಟ್ಟುಕೊಳ್ಳೋಣ. ಚಳ್ಳಕೆರೆ ಕಡೆಯ ಒಂದು ಹಳ್ಳಿ. ಹತ್ತು ವರ್ಷದ ರತ್ನಿಗೆ ಸೂಪರ್‌ಹೀರೋ ಆಗಬೇಕು. ಅವಳ ಹತ್ತಿರ ಒಂದು ಆಡಿದೆ. ಗಡ್ಡ ಇರುವುದರಿಂದ ಅದರ ಹೆಸರು ಮೇಷ್ಟ್ರು.

ಬೇಕಾಗುವ ಸಾಮಾನು

ಎ4 ಹಾಳೆ, ಎಚ್‌ಬಿ ಪೆನ್ಸಿಲ್, ರಬ್ಬರ್, ಅರ್ಧ ಅಡಿಯ ಸ್ಕೇಲು, ನೀರಿಗೆ ಹರಡದ ಕಪ್ಪು ಪೆನ್ನು, ಸ್ಟೇಪ್ಲರ್. ಶುರು ಮಾಡಲು ಇಷ್ಟು ಸಾಕು. ಟ್ಯಾಬ್ಲೆಟ್ ಇದ್ದರೆ ಒಳ್ಳೆಯದೇ, ಆದರೆ ಇಲ್ಲವೆಂದು ನಿಲ್ಲಬೇಡಿ. ಕಂಪ್ಯೂಟರಿನಲ್ಲಿ ಬಣ್ಣ ಹಾಕಲು ಕ್ರಿಟಾ, ಪುಟ ಜೋಡಿಸಲು ಸ್ಕ್ರೈಬಸ್ ಇವೆ, ಎರಡೂ ಉಚಿತ. ಮೊದಲೇ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಡಿ. ದುಬಾರಿ ಮಾರ್ಕರ್ ಸೆಟ್ ತಂದ ಮೇಲೆ "ಹಾಳಾಗುತ್ತೆ" ಎಂದು ಹೆದರಿ ಮಕ್ಕಳು ಬರೆಯುವುದನ್ನೇ ಬಿಟ್ಟಿದ್ದನ್ನು ನೋಡಿದ್ದೇನೆ.

1. ಶಕ್ತಿಗಿಂತ ಮೊದಲು ಮಿತಿ ಬರೆಯಿರಿ

ಮಕ್ಕಳನ್ನು ಕೇಳಿದರೆ ಹೀರೋಗೆ ಹಾರಲು ಬರುತ್ತದೆ, ಮಾಯವಾಗಲು ಬರುತ್ತದೆ, ಕಣ್ಣಿಂದ ಬೆಂಕಿ ಬರುತ್ತದೆ. ಎಲ್ಲವೂ ಬಂದರೆ ಕಥೆ ಎರಡನೇ ಪುಟಕ್ಕೇ ಮುಗಿಯಿತು. ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ಅವಳಿಗೆ ಏನು ಬರುವುದಿಲ್ಲ ಎಂದು ಬರೆಸಿ. ರತ್ನಿಗೆ ಮರ ಹತ್ತಲು ಭಯ. ಜೋರಾಗಿ ಮಾತಾಡಿದರೆ ತೊದಲುತ್ತಾಳೆ. ಓಡಿದರೆ ಚಪ್ಪಲಿ ಕಿತ್ತುಹೋಗುತ್ತದೆ. ಈಗ ಕಥೆಗೆ ಜಾಗ ಸಿಕ್ಕಿತು.

ಮಾದರಿಗೆ ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಕೋಟೆಯ ಓಬವ್ವನ ಕಥೆ ನೋಡಿ. ಹೈದರಾಲಿಯ ಸೈನಿಕರು ಬಂದಾಗ ಅವಳ ಕೈಯಲ್ಲಿದ್ದದ್ದು ಭತ್ತ ಕುಟ್ಟುವ ಒನಕೆ. ಅವಳನ್ನು ಗೆಲ್ಲಿಸಿದ್ದು ಒಬ್ಬರೇ ತೂರಬಹುದಾದ ಆ ಸಣ್ಣ ಕಿಂಡಿ. ಒಬ್ಬಳು ಹೆಂಗಸು, ಒಂದು ಅಡುಗೆಮನೆಯ ಸಾಮಾನು, ಒಂದು ಇಕ್ಕಟ್ಟಾದ ಜಾಗ, ಇಷ್ಟೇ. ನಿಮ್ಮ ಹೀರೋಗೂ ಒಂದು ಸಾಮಾನು, ಒಂದು ಜಾಗ ಕೊಡಿ. ರತ್ನಿಗೆ ನಾವು ಅಜ್ಜಿಯ ಹಳೇ ಸೀರೆಯ ಸೆರಗನ್ನು ಕೊಟ್ಟೆವು. ಅದು ಅವಳ ಕೇಪು, ಅಂದರೆ ಹೀರೋಗಳ ಬೆನ್ನಿಗೆ ಹಾರಾಡುವ ಬಟ್ಟೆ. ಜಾಗ ಊರಿನ ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಓಣಿ. ಸಮಸ್ಯೆಯೂ ಸಣ್ಣದೇ: ನೀರುಗಂಟಿಯ ಹತ್ತಿರವಿದ್ದ ವಾಲ್ವಿನ ಕೀಲಿ ಕಾಣೆಯಾಗಿದೆ, ಊರಿಗೆ ಎರಡು ದಿನದಿಂದ ನೀರಿಲ್ಲ.

ಇಲ್ಲಿ ಎಡವುವುದು: ಜಗತ್ತನ್ನೇ ಉಳಿಸಲು ಹೊರಡುವುದು. ಎಂಟು ಹತ್ತು ವರ್ಷದ ಓದುಗರಿಗೆ ಜಗತ್ತು ಮುಳುಗಿದರೆ ಅಷ್ಟೇನೂ ಅನ್ನಿಸುವುದಿಲ್ಲ. ಎರಡು ದಿನ ನೀರು ಬರದಿದ್ದರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು, ಇದು ತಮಾಷೆಯ ಮಾತಲ್ಲ. ಟೆರೇಸಿನಿಂದಲೋ ಬಾಲ್ಕನಿಯಿಂದಲೋ ಟವೆಲ್ ಕಟ್ಟಿಕೊಂಡು ಜಿಗಿದು ಗೆಲ್ಲುವ ಚಿತ್ರ ಬೇಡ. ಮಕ್ಕಳು ಅದನ್ನು ಮಾಡಿ ನೋಡುತ್ತಾರೆ. ರತ್ನಿ ಜಿಗಿಯುವುದು ಮೆದೆಯ ಮೇಲಿಂದ ಹುಲ್ಲಿನ ರಾಶಿಗೆ, ಅದರಲ್ಲೂ ಮೂಗಿಗೆ ಹುಲ್ಲು ಹೋಗಿ ಸೀನುತ್ತಾಳೆ.

2. ಪ್ರಾಣಿಯನ್ನು ಆರಿಸಿ, ಅದಕ್ಕೆ ಮಾತು ಕೊಡಬೇಡಿ

ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ದಂಡವಲ್ಲ.

ಯಾವ ಪ್ರಾಣಿ? ಮಗು ದಿನಾ ಕಣ್ಣಾರೆ ಕಾಣುವ ಪ್ರಾಣಿ. ಪಂಜರದ ಗಿಳಿ, ನಕ್ಷತ್ರ ಆಮೆ ಬೇಡ. ನಮ್ಮ ದೇಶದ ಗಿಳಿಗಳನ್ನೂ ನಕ್ಷತ್ರ ಆಮೆಯನ್ನೂ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ಹೀರೋ ಕಳ್ಳರನ್ನು ಹಿಡಿಯುವಾಗ ಅವಳ ಮನೆಯಲ್ಲೇ ಅಪರಾಧ ನಡೆಯುತ್ತಿದ್ದರೆ ಹೇಗೆ? ನಾಯಿಯನ್ನು ಆರಿಸಿದರೆ ಅದಕ್ಕೆ ಬಹುಮಾನವೆಂದು ಚಾಕೊಲೇಟ್ ಕೊಡಿಸಬೇಡಿ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಮೂರೂ ನಾಯಿಗೆ ವಿಷ. ಪುಸ್ತಕದಲ್ಲಿ ನೋಡಿದ್ದನ್ನು ಮಕ್ಕಳು ಮನೆಯ ನಾಯಿಯ ಮೇಲೂ ಪ್ರಯೋಗ ಮಾಡುತ್ತಾರೆ.

ಪ್ರಾಣಿಗೆ ಮಾತು ಯಾಕೆ ಬೇಡ? ಮಾತಾಡುವ ನಾಯಿ ಬಂದ ಕೂಡಲೇ ಅದು ಎಲ್ಲವನ್ನೂ ವಿವರಿಸಲು ಶುರು ಮಾಡುತ್ತದೆ. "ರತ್ನಿ, ನೋಡು, ಅಲ್ಲಿ ಕೀಲಿ ಇದೆ!" ಎಂದರೆ ಚಿತ್ರಕ್ಕೆ ಏನು ಕೆಲಸ ಉಳಿಯಿತು? ಮಾತಿಲ್ಲದ ಪ್ರಾಣಿ ಇದ್ದರೆ ಬರೆಯುವವರು ವಿಧಿಯಿಲ್ಲದೆ ಅದರ ಕಿವಿ, ಬಾಲ, ಕಣ್ಣಿನಿಂದಲೇ ಹೇಳಬೇಕಾಗುತ್ತದೆ. ಗ್ರಾಫಿಕ್ ಕಾದಂಬರಿ ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗಂತೂ ಗೊತ್ತಿಲ್ಲ.

ಹಾಗಾಗಿ ಕಥೆಗೂ ಮೊದಲು ಪ್ರಾಣಿಯನ್ನು ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಆಡಿನ ಕಣ್ಣಿನ ಪಾಪೆ ದುಂಡಗಿರುವುದಿಲ್ಲ, ಅಡ್ಡಕ್ಕೆ ಮಲಗಿಸಿದ ಬೆಂಕಿಕಡ್ಡಿಯ ಹಾಗೆ ಇರುತ್ತದೆ. ಬಾಲ ಮೇಲಕ್ಕೆ ನಿಮಿರಿರುತ್ತದೆ, ಕುರಿಯ ಬಾಲದ ಹಾಗೆ ಜೋತುಬಿದ್ದಿರುವುದಿಲ್ಲ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಎತ್ತರದ ಎಲೆಗೆ ಹಿಂಗಾಲ ಮೇಲೆ ನಿಂತು ಮುಂಗಾಲನ್ನು ಮರಕ್ಕೆ ಊರುತ್ತದೆ. ಇವು ನಾಲ್ಕು ಸರಿಯಾಗಿ ಬಂದರೆ, ಗೆರೆ ಎಷ್ಟೇ ಸೊಟ್ಟಗಿದ್ದರೂ ಓದುಗರು ಆಡೆಂದು ನಂಬುತ್ತಾರೆ.

ನೋಡುತ್ತ ಕೂತರೆ ಕಥೆಯೂ ಸಿಗುತ್ತದೆ. "ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆ ಎಲ್ಲರಿಗೂ ಗೊತ್ತು. ಹಾಗಾದರೆ ಮೇಷ್ಟ್ರು ರತ್ನಿಯ ಹೋಂವರ್ಕನ್ನೂ ತಿನ್ನಬೇಕು, ಕೇಪನ್ನೂ ತಿನ್ನಬೇಕು. "ಸಾರ್, ನನ್ನ ಹೋಂವರ್ಕ್ ಮೇಷ್ಟ್ರು ತಿಂದ್ಬಿಟ್ರು" ಎಂದು ರತ್ನಿ ತರಗತಿಯಲ್ಲಿ ಹೇಳುವ ಚೌಕ ತಾನಾಗಿ ಹುಟ್ಟಿತು. ಆದರೆ ಆಡೂ ಮೂಸಿ ಬಿಡುವ ಒಂದು ಸೊಪ್ಪಿದೆ: ಆಡುಸೋಗೆ. ಹಳ್ಳಿಗಳಲ್ಲಿ ಅದನ್ನು ಆಡು ಮುಟ್ಟದ ಸೊಪ್ಪು ಎಂದೇ ಕರೆಯುತ್ತಾರೆ. ಕೇಪನ್ನು ಆ ಎಲೆಗಳಲ್ಲಿ ಸುತ್ತಿಟ್ಟರೆ ಮೇಷ್ಟ್ರು ಮುಟ್ಟುವುದಿಲ್ಲ ಎಂದು ರತ್ನಿಗೆ ಹೊಳೆಯುವುದೇ ನಮ್ಮ ಕಥೆಯ ತಿರುವು. ಯಾವ ಮಾಯಾಶಕ್ತಿಯೂ ಬೇಕಾಗಲಿಲ್ಲ. ಆಡು ಕಾಯುವವಳಿಗೆ ಗೊತ್ತಿರುವ ವಿಷಯವೇ ಅವಳ ಶಕ್ತಿಯಾಯಿತು.

ಎಚ್ಚರ: ಆಡು ಪ್ಲಾಸ್ಟಿಕ್ ಕವರ್ ತಿನ್ನುವುದನ್ನು ತಮಾಷೆಯೆಂದು ತೋರಿಸಬೇಡಿ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಪ್ರಾಣಿಗಳು ಸಾಯುತ್ತವೆ. ಹಿತ್ತಲಿನ ಚಿತ್ರ ಬರೆಯುವಾಗ ಕಣಗಿಲೆ ಗಿಡದ ಪಕ್ಕ ಆಡನ್ನು ಮೇಯಲು ಬಿಡಬೇಡಿ, ಅದು ನಿಜಕ್ಕೂ ವಿಷದ ಗಿಡ.

3. ಕಥೆಯನ್ನು ಪುಟಗಳಿಗೆ ಹಂಚಿ

ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕದಲ್ಲಿ ಒಂದು ಹಾಳೆ ಮಡಿಸಿದರೆ ನಾಲ್ಕು ಪುಟ. ಹಾಗಾಗಿ ಒಟ್ಟು ಪುಟ 16, 20, 24 ಹೀಗೆ ನಾಲ್ಕರ ಮಗ್ಗಿಯಲ್ಲೇ ಇರಬೇಕು. 22 ಪುಟದ ಕಥೆ ಬರೆದು ಪ್ರೆಸ್ಸಿಗೆ ಹೋದರೆ ಎರಡು ಖಾಲಿ ಪುಟ ಜೊತೆಗೆ ಬರುತ್ತವೆ.

ಮೊದಲ ಪುಸ್ತಕಕ್ಕೆ 24 ಸರಿ. ಒಂದನೇ ಪುಟ ಶೀರ್ಷಿಕೆಗೆ, ಎರಡನೆಯದು ಹಕ್ಕು ಮತ್ತು ಮುದ್ರಣದ ವಿವರಕ್ಕೆ, ಕೊನೆಯದು ಮೇಷ್ಟ್ರನ್ನು ಬರೆಯುವುದು ಹೇಗೆ ಎಂಬ ಆಟಕ್ಕೆ. ಕಥೆಗೆ 21 ಪುಟ ಉಳಿಯಿತು. ಪುಟಕ್ಕೆ ಸರಾಸರಿ 4 ಚೌಕ ಎಂದರೆ 84 ಚಿತ್ರ. ದಿನಕ್ಕೆ ಎರಡು ಬರೆದರೆ 42 ದಿನ, ಬೇಸಿಗೆ ರಜೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಈ ಲೆಕ್ಕ ಹಾಕದೆ 100 ಪುಟದ ಮಹಾಕಥೆ ಹಿಡಿದವರು ಯಾರೂ ಮುಗಿಸಿದ್ದನ್ನು ನಾನು ನೋಡಿಲ್ಲ.

ಇನ್ನು ಪುಟ ತಿರುವುವ ಗುಟ್ಟು. ಬೆಸ ಸಂಖ್ಯೆಯ ಪುಟ ಬಲಕ್ಕೆ, ಸಮ ಸಂಖ್ಯೆಯದು ಎಡಕ್ಕೆ ಬರುತ್ತದೆ. ಓದುಗ ಪುಟ ತಿರುಗಿಸಿದಾಗ ಮೊದಲು ಕಾಣುವುದು ಸಮ ಸಂಖ್ಯೆಯ ಪುಟ. ಆಶ್ಚರ್ಯವನ್ನು ಅಲ್ಲಿ ಇಡಿ. ಪ್ರಶ್ನೆಯನ್ನು ಹಿಂದಿನ ಬೆಸ ಪುಟದ ಕೊನೆಯ ಚೌಕದಲ್ಲಿ ಬಿಡಿ. ನಮ್ಮ ಪುಸ್ತಕದ 7ನೇ ಪುಟದ ಕೊನೆಯಲ್ಲಿ ಬಟ್ಟೆ ಒಣಹಾಕುವ ತಂತಿ, ಅದರ ಮೇಲೆ ಎರಡು ಕ್ಲಿಪ್ಪು ಮಾತ್ರ, ಕೇಪು ಇಲ್ಲ. ಪುಟ ತಿರುವಿದರೆ 8ರಲ್ಲಿ ಅರ್ಧ ಪುಟದ ಒಂದೇ ಚಿತ್ರ: ಮೇಷ್ಟ್ರ ಬಾಯಿಂದ ಸೀರೆಯ ಕೆಂಪು ಅಂಚು ನೇತಾಡುತ್ತಿದೆ. ಒಂದು ಅಕ್ಷರವೂ ಇಲ್ಲ. ಇದೇ ಚಿತ್ರ 7ನೇ ಪುಟದಲ್ಲಿದ್ದರೆ 6ನ್ನು ಓದುವಾಗಲೇ ಓರೆಗಣ್ಣಿಗೆ ಕಂಡು ನಗು ಸತ್ತುಹೋಗುತ್ತಿತ್ತು.

4. ಡಮ್ಮಿ ಕಟ್ಟಿ

ಡಮ್ಮಿ ಎಂದರೆ ಪುಸ್ತಕದ ಕಚ್ಚಾ ಮಾದರಿ. ಆರು ಎ4 ಹಾಳೆಗಳನ್ನು ಒಟ್ಟಿಗೆ ಮಡಿಸಿ, ಮಧ್ಯಕ್ಕೆ ಪಿನ್ ಹೊಡೆದು, ಪುಟಸಂಖ್ಯೆ ಹಾಕಿ. ಒಳಗೆ ಬೆಂಕಿಕಡ್ಡಿಯಂಥ ಮನುಷ್ಯರನ್ನು ಬರೆದರೆ ಸಾಕು. ಮಾತುಗಳನ್ನು ಮಾತ್ರ ಪೂರ್ತಿ ಬರೆಯಿರಿ, ಜಾಗ ಸಾಲುತ್ತದೋ ಇಲ್ಲವೋ ಗೊತ್ತಾಗುವುದು ಆಗಲೇ.

ಚೌಕಗಳ ನಡುವೆ ಬಿಡುವ ಬಿಳಿ ಓಣಿಗೆ ಗಟರ್ ಎನ್ನುತ್ತಾರೆ. ಒಂದು ಚೌಕದಿಂದ ಇನ್ನೊಂದಕ್ಕೆ ಏನಾಯಿತೆಂದು ಓದುಗ ಊಹಿಸುವುದು ಆ ಓಣಿಯಲ್ಲೇ. ರತ್ನಿ ಬಾಗಿಲ ಹಿಡಿಕೆಗೆ ಕೈ ಹಾಕಿದಳು, ಬಾಗಿಲು ತೆರೆಯಿತು, ಕಾಲಿಟ್ಟಳು, ಹೊರಗೆ ಬಂದಳು ಎಂದು ನಾಲ್ಕು ಚೌಕ ಬೇಡ. ಹಿಡಿಕೆಯ ಮೇಲೆ ಕೈ, ಮುಂದಿನ ಚೌಕದಲ್ಲಿ ಬೀದಿ, ಅಷ್ಟೇ.

ಡಮ್ಮಿ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಪ್ರತಿ ಚೌಕದಲ್ಲೂ ಮಾತನ್ನು ಬೆರಳಿನಿಂದ ಮುಚ್ಚಿ. ಚಿತ್ರವೊಂದರಿಂದಲೇ ಅರ್ಥವಾದರೆ ಆ ಮಾತನ್ನು ಹೊಡೆದುಹಾಕಿ. "ಅಯ್ಯೋ, ನಾನು ಬಿದ್ದೆ!" ಎಂದು ಬೀಳುತ್ತಿರುವವಳು ಹೇಳುವ ಮಾತು ಹೋಗುವುದು ಇಲ್ಲೇ. ನನ್ನ ಲೆಕ್ಕದಲ್ಲಿ ಮೊದಲ ಡಮ್ಮಿಯ ಮೂರನೇ ಒಂದು ಭಾಗದಷ್ಟು ಮಾತು ಹೀಗೆ ಉದುರುತ್ತದೆ.

5. ಚಿತ್ರ ಬರೆಯುವುದು

ಪುಸ್ತಕ ಎ5 ಅಳತೆಯದಾದರೆ, ಅಂದರೆ 148 × 210 ಮಿಲಿಮೀಟರ್, ಚಿತ್ರವನ್ನು ಎ4ನಲ್ಲಿ ಬರೆದು ಕುಗ್ಗಿಸಿ. ಎರಡರ ಉದ್ದ ಅಗಲದ ಪ್ರಮಾಣ ಒಂದೇ ಆದ್ದರಿಂದ ಏನೂ ಕತ್ತರಿಸದೆ ಹೊಂದುತ್ತದೆ. ಕೈ ನಡುಗಿದ ಗೆರೆಯೂ ಕುಗ್ಗಿದಾಗ ಅಚ್ಚುಕಟ್ಟಾಗಿ ಕಾಣುತ್ತದೆ.

ಮೊದಲು ಮಾತನಾಡುವವರು ಎಡಕ್ಕೆ ಇರಲಿ. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ. ಪ್ರಶ್ನೆ ಕೇಳುವ ನೀರುಗಂಟಿ ಬಲಕ್ಕೂ ಉತ್ತರ ಕೊಡುವ ರತ್ನಿ ಎಡಕ್ಕೂ ಇದ್ದರೆ ಮಕ್ಕಳು ಉತ್ತರವನ್ನು ಮೊದಲು ಓದಿ ಕಕ್ಕಾಬಿಕ್ಕಿಯಾಗುತ್ತಾರೆ. ಮಾತಿನ ಗುಳ್ಳೆಗೆ ಜಾಗವನ್ನು ಪೆನ್ಸಿಲಿನಲ್ಲೇ ಬಿಡಿ. ಚಿತ್ರ ಮುಗಿದ ಮೇಲೆ ಗುಳ್ಳೆ ಹಾಕಲು ಹೋದರೆ ಅದು ಮೇಷ್ಟ್ರ ಮುಖದ ಮೇಲೆಯೇ ಕೂರುತ್ತದೆ.

ವೇಷಭೂಷಣದಲ್ಲಿ ಪ್ರಸಿದ್ಧ ಹೀರೋಗಳ ಎದೆಯ ಚಿಹ್ನೆ, ಮುಖವಾಡ ನಕಲು ಬೇಡ. ಮನೆಯಲ್ಲಿ ಮಗು ಬರೆದು ಆಡಿಕೊಂಡರೆ ಅಡ್ಡಿಯಿಲ್ಲ, ಅಚ್ಚು ಹಾಕಿಸಿ ಮಾರಿದರೆ ತಕರಾರು ಬರುತ್ತದೆ.

ಸ್ಕ್ಯಾನ್ ಮಾಡಿಸುವಾಗ 300 ಡಿಪಿಐ ಎಂದು ಕೇಳಿ. ಒಂದು ಅಂಗುಲಕ್ಕೆ 300 ಚುಕ್ಕೆ ಎಂದರ್ಥ, ಅಚ್ಚಿಗೆ ಅಷ್ಟು ಬೇಕು. ಮೊಬೈಲಿನಲ್ಲಿ ಫೋಟೋ ತೆಗೆದರೆ ಒಂದು ಮೂಲೆಯಲ್ಲಿ ನಿಮ್ಮ ಕೈಯ ನೆರಳು ಬೀಳುತ್ತದೆ. ಸ್ಕ್ಯಾನ್ ಆದದ್ದನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ.

6. ಅಕ್ಷರ ಮತ್ತು ಸದ್ದು

ಕನ್ನಡದ ಗ್ರಾಫಿಕ್ ಕಾದಂಬರಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. "ಮೇಷ್ಟ್ರು" ಎಂಬ ಪದವನ್ನೇ ನೋಡಿ. ಷ ಅಕ್ಷರದ ಕೆಳಗೆ ಟ ಒತ್ತು, ಅದರ ಬೆನ್ನಿಗೆ ರ ಒತ್ತು. ಮೇಲೆ ಗುಡಿಸು, ಕೆಳಗೆ ಒತ್ತು, ಹೀಗೆ ನಮ್ಮ ಸಾಲು ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ನಮ್ಮ ಪದಗಳೂ ಉದ್ದ. "ಓಡಿಹೋಗುತ್ತಿದ್ದಾನೆ" ಒಂದೇ ಪದ. ಅದಕ್ಕೇ ಗುಳ್ಳೆ ಮೊಟ್ಟೆಯ ಹಾಗೆ ಅಡ್ಡಕ್ಕೆ ಅಗಲವಾಗಿರಲಿ, ಪದ ಮುರಿಯಲೇಬೇಕಾದರೆ "ಓಡಿ-ಹೋಗುತ್ತಿದ್ದಾನೆ" ಎಂದು ಬಾಯಲ್ಲಿ ನಿಲ್ಲುವಲ್ಲಿ ಮುರಿಯಿರಿ. ಒಂದು ಗುಳ್ಳೆಗೆ ಹನ್ನೆರಡು ಪದ ದಾಟದಿರಲಿ.

ನಮಗೆ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ಕೂಗನ್ನು ತೋರಿಸಲು ಅಕ್ಷರ ದಪ್ಪ ಮಾಡಿ, ಇಲ್ಲವೇ ಸ್ವರ ಎಳೆಯಿರಿ: "ಮೇಷ್ಟ್ರೇಏಏ!" ಗುಳ್ಳೆಯೊಳಗೆ ಆಡುಮಾತು ಇರಲಿ. "ನಾನು ಬರುತ್ತೇನೆ" ಎಂದು ಹತ್ತು ವರ್ಷದ ಹುಡುಗಿ ಹೇಳುವುದಿಲ್ಲ. ಆದರೆ ನಿಮ್ಮದಲ್ಲದ ಸೀಮೆಯ ಮಾತನ್ನು ಸಿನಿಮಾ ನೋಡಿ ಕಲಿತು ಬರೆಯಬೇಡಿ, ಆ ಊರಿನ ಒಬ್ಬರಿಂದ ಓದಿಸಿ ತಿದ್ದಿಸಿ.

ಸದ್ದಿನ ಪದಗಳಲ್ಲಿ ಮಾತ್ರ ನಾವು ಶ್ರೀಮಂತರು. ಇಂಗ್ಲಿಷ್ ಕಾಮಿಕ್ಸ್‌ನ ಬೂಮ್, ಬ್ಯಾಂಗ್ ಎರವಲು ತರುವುದು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. "ದಬ್" ಎಂದರೆ ಒಂದೇ ಏಟು. "ದಬದಬ" ಎಂದರೆ ಬಿಡದೆ ಬೀಳುವ ಏಟು. "ದಬಾರ್" ಎಂದರೆ ಬಿದ್ದದ್ದು ಏನೋ ದೊಡ್ಡದು. "ತೊಟ್" ಒಂದು ಹನಿ, "ತೊಟತೊಟ" ಸೋರುವ ನಲ್ಲಿ, "ಗಳಗಳ" ಬಿಂದಿಗೆಗೆ ಬೀಳುವ ನೀರು, "ಭೋರ್" ಟ್ಯಾಂಕಿನ ವಾಲ್ವ್ ತೆರೆದಾಗ. ನಮ್ಮ ಕಥೆಯ ಕೊನೆಯ ನಾಲ್ಕು ಪುಟಗಳಲ್ಲಿ ನೀರು ಬರುವುದು ಈ ನಾಲ್ಕು ಪದಗಳಲ್ಲೇ. ಸದ್ದನ್ನು ಫಾಂಟಿನಲ್ಲಿ ಹಾಕದೆ ಕೈಯಲ್ಲಿ ಬರೆಯಿರಿ, ಅದು ಚಿತ್ರದ್ದೇ ಭಾಗ.

ಉಳಿದ ಮಾತಿಗೆ ಯೂನಿಕೋಡ್ ಫಾಂಟ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತದ ಫಾಂಟ್ ಬಳಸಿ. ಬಾಲೂ ತಮ್ಮ, ನೋಟೊ ಸ್ಯಾನ್ಸ್ ಕನ್ನಡ ಎರಡೂ ಉಚಿತ ಪರವಾನಗಿಯವು, ಪುಸ್ತಕ ಮಾರಿದರೂ ತೊಂದರೆಯಿಲ್ಲ. ಪುಟ ಜೋಡಿಸಲು ಇಂಡಿಸೈನ್ ತಂತ್ರಾಂಶ ಬಳಸುವವರು ಪ್ಯಾರಾಗ್ರಾಫ್ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಇಲ್ಲದಿದ್ದರೆ ಒತ್ತಕ್ಷರ ಒಡೆದು "ಮೇಷ್‌ಟ್‌ರು" ಎಂದು ಕಾಣುತ್ತದೆ.

7. ಓದಿಸಿ ನೋಡಿ

ಕಥೆ ಗೊತ್ತಿಲ್ಲದ ಎಂಟರಿಂದ ಹತ್ತು ವರ್ಷದ ಇಬ್ಬರು ಮೂವರು ಮಕ್ಕಳಿಗೆ ಕೊಡಿ. ನೀವು ಏನನ್ನೂ ವಿವರಿಸಬೇಡಿ. ಅವರ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಿಂದಿನ ಪುಟಕ್ಕೆ ಹೋಗುತ್ತಾರೆ ಎಂದು ಮಾತ್ರ ಗುರುತು ಹಾಕಿಕೊಳ್ಳಿ. "ಚೆನ್ನಾಗಿದೆಯಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. "ಕೀಲಿ ಎಲ್ಲಿತ್ತು?" ಎಂದು ಕೇಳಿ.

8. ಪ್ರೆಸ್ಸಿಗೆ ಕೊಡುವ ಮುನ್ನ

ಬಣ್ಣ ಅಂಚಿನವರೆಗೂ ಹೋಗುವ ಚಿತ್ರವಿದ್ದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚಿಗೆ ಬರೆದಿರಬೇಕು. ಇದಕ್ಕೆ ಬ್ಲೀಡ್ ಎನ್ನುತ್ತಾರೆ, ಕತ್ತರಿಸುವಾಗ ಬಿಳಿ ಗೆರೆ ಉಳಿಯದಿರಲೆಂದು. ಎ5 ಪುಟಕ್ಕೆ ಅದು 154 × 216 ಮಿಲಿಮೀಟರ್ ಆಗುತ್ತದೆ. ಅಕ್ಷರಗಳು ಬರೀ ಕಪ್ಪು ಶಾಯಿಯಲ್ಲಿ ಇರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪಾದರೆ ಮುದ್ರಣ ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಬರುತ್ತದೆ. ಒಳಪುಟಕ್ಕೆ 100 ಅಥವಾ 130 ಜಿಎಸ್‌ಎಂ, ರಕ್ಷಾಪುಟಕ್ಕೆ 250 ಜಿಎಸ್‌ಎಂ ಆರ್ಟ್ ಕಾರ್ಡ್ ಸಾಕು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಐವತ್ತು ನೂರು ಪ್ರತಿಗೆ ಡಿಜಿಟಲ್ ಮುದ್ರಣವೇ ಅಗ್ಗ. ಸಾವಿರ ಮುಟ್ಟಿದರೆ ಆಫ್‌ಸೆಟ್, ಅಂದರೆ ಪ್ಲೇಟ್ ಮಾಡಿಸಿ ಅಚ್ಚು ಹಾಕುವ ವಿಧಾನ.

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನಿನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ದುಡ್ಡು ಕೇಳುವ ಮಧ್ಯವರ್ತಿಗಳಿಗೆ ಕೈಮುಗಿಯಿರಿ. ಹಕ್ಕುಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಿಂದಲೇ ಅದು ಬರೆದವರದ್ದು, ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಕಥೆ ಮಗುವಿನದಾದರೆ ರಕ್ಷಾಪುಟದ ಮೇಲೆ ಹೆಸರೂ ಮಗುವಿನದೇ ಇರಲಿ. ಶಾಲೆ, ವಿಳಾಸ, ಫೋಟೋ ಮಾತ್ರ ಬೇಡ.

ಕೊನೆಗೆ ಪ್ರೂಫ್, ಅಂದರೆ ಮುದ್ರಣಕ್ಕೆ ಮೊದಲಿನ ಪರೀಕ್ಷಾ ಪ್ರತಿ. ನನ್ನ ಮೊದಲ ಪುಸ್ತಕಕ್ಕೆ ಪಿಡಿಎಫ್ ಕೊಡದೆ, ಯಾರು ಬೇಕಾದರೂ ತಿದ್ದಬಹುದಾದ ತೆರೆದ ಫೈಲನ್ನೇ ಒಂದು ಪ್ರೆಸ್ಸಿಗೆ ಕೊಟ್ಟಿದ್ದೆ. ಅವರು ತಮ್ಮ ಹಳೇ ಫಾಂಟಿಗೆ ಬದಲಿಸಿಕೊಂಡರು. 200 ಪ್ರತಿಗಳಲ್ಲೂ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಈಗ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಬಿಟ್ಟು ಬೇರೇನೂ ಕೊಡುವುದಿಲ್ಲ, ಪರದೆಯ ಮೇಲಲ್ಲದೆ ಕಾಗದದ ಮೇಲೆಯೇ ಪ್ರೂಫ್ ಕೇಳುತ್ತೇನೆ. ಅದು ಕೈಗೆ ಬಂದಾಗ ಚಿತ್ರ ನೋಡುತ್ತ ಕೂರಬೇಡಿ. ಒಂದನೇ ಪುಟದಿಂದ 24ರವರೆಗೆ ಬೆರಳಿಟ್ಟುಕೊಂಡು ಎಲ್ಲೆಲ್ಲಿ ಮೇಷ್ಟ್ರು ಬಂದಿದ್ದಾರೋ ಅಲ್ಲೆಲ್ಲ ಟ ಒತ್ತು, ರ ಒತ್ತು ಎರಡೂ ಇವೆಯೇ ನೋಡಿ, ಆಮೇಲೆ ಸಹಿ ಹಾಕಿ.